ಸಂಡೂರಿನ ಕಲ್ಲು, ಬಾದಾಮಿಯ ಅಕ್ಷರ: ಕೊನೆಗೂ ಶಾಯಿ ಹರಿಯಿತು

ಸಂಡೂರಿನ ಹೆಮಟೈಟ್ ಅನ್ನೋ ಕಬ್ಬಿಣದ ಅದಿರಿನ ತುಂಡೊಂದರ ಚಿತ್ರ ಬರೆದಿದ್ದೆ. ಅದರ ಕೆಳಗೆ ಕಲ್ಲಿನ ಹೆಸರನ್ನು ಬಾದಾಮಿಯ ಬಂಡೆಯಲ್ಲಿ ಕೊರೆದಿರುವ ಹಳೆಯ ಕನ್ನಡದ ಕಪ್ಪೆ ಅರಭಟ್ಟನ ಶಾಸನದ ಅಕ್ಷರಗಳಲ್ಲಿ ಬರೆಯಬೇಕು, ಅದೂ ಅದೇ ಕಲ್ಲಿನ ಪುಡಿಯ ಶಾಯಿಯಲ್ಲೇ ಬರೆಯಬೇಕು ಅನ್ನೋದು ಆಸೆ. ಈ ಕಲ್ಲು ನೋಡೋಕೆ ಕಪ್ಪು, ಉಕ್ಕಿನ ಹೊಳಪು. ಆದರೆ ಮೆರುಗಿಲ್ಲದ ಬಿಳಿ ಪಿಂಗಾಣಿಯ ಮೇಲೆ ಉಜ್ಜಿದರೆ ಕೆಮ್ಮಣ್ಣಿನಂಥ ಗೆರೆ ಬೀಳುತ್ತೆ!

ಪುಡಿಗೆ ನೀರು, ಗಮ್ ಅರೇಬಿಕ್ ಅನ್ನೋ ಮರದ ಅಂಟು ಬೆರೆಸಿ ಬರೆದೆ. ಎರಡೇ ಅಕ್ಷರಕ್ಕೆ ನಿಬ್ ಕಟ್ಟಿಕೊಂಡಿತು. ಒಣಗಿದ ಮೇಲೆ ಬೆರಳಾಡಿಸಿದರೆ ಬಣ್ಣ ಕೈಗೆ ಬಂತು. ಅಂಟು ಜಾಸ್ತಿ ಹಾಕಿದೆ, ದಪ್ಪವಾಗಿ ಬಿರುಕು ಬಿಟ್ಟಿತು.

ತಪ್ಪು ಪುಡಿಯಲ್ಲಿತ್ತು. ಎಷ್ಟು ಅರೆದರೂ ಒಳಗೆ ತರಿ ಉಳಿದಿರುತ್ತೆ, ಅಲ್ವಾ? ಹಾಗಾಗಿ ಪುಡಿಯನ್ನು ಲೋಟದ ನೀರಲ್ಲಿ ಚೆನ್ನಾಗಿ ಕಲಕಿ, ಒಂದು ನಿಮಿಷ ಬಿಟ್ಟು, ತರಿ ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ಇನ್ನೊಂದು ಲೋಟಕ್ಕೆ ಬಗ್ಗಿಸಿದೆ. ಹೀಗೆ ಮೂರು ಸಲ. ಆ ನೀರನ್ನು ರಾತ್ರಿಯಿಡೀ ಇಟ್ಟರೆ ತಳದಲ್ಲಿ ಬೆಣ್ಣೆಯಂಥ ನುಣುಪು ಕೆಸರು. ಅದಕ್ಕೆ ಅಂಟಿನ ನೀರನ್ನು ಹನಿಹನಿಯಾಗಿ ಬೆರೆಸಿ, ಪ್ರತಿ ಸಲವೂ ಚೂರು ಕಾಗದದ ಮೇಲೆ ಬರೆದು, ಒಣಗಿಸಿ, ಉಜ್ಜಿ ನೋಡಿದೆ. ಬೆರಳಿಗೆ ಬಣ್ಣ ಹತ್ತದ ಕಡೆ ನಿಲ್ಲಿಸಿದೆ.

ಚೂಪು ನಿಬ್ಬನ್ನೂ ಬಿಟ್ಟೆ. ಒತ್ತಿದ ಕಡೆ ದಪ್ಪ, ಬಿಟ್ಟ ಕಡೆ ಸಣ್ಣ ಆಗುವ ಗೆರೆ ಕಲ್ಲಲ್ಲಿ ಕೊರೆದ ಅಕ್ಷರಕ್ಕೆ ಒಗ್ಗಲ್ಲ. ಸಣ್ಣ ದುಂಡು ಕುಂಚದಲ್ಲಿ ಬರೆದೆ, ನಡುನಡುವೆ ಶಾಯಿ ಕಲಕುತ್ತಾ. ಈಗ ಕಪ್ಪು ಕಲ್ಲಿನ ಕೆಳಗೆ ಅದರದ್ದೇ ಕೆಂಪಿನ ಹೆಸರಿದೆ.