ಹರಿಕೇನ್ ಕಾಲಕ್ಕೆ ಅಪ್ಪ-ಅಮ್ಮ ಬಂದರೆ: ಹ್ಯೂಸ್ಟನ್‌ಗೆ ಹೊಸಬರಾದವರಿಗೆ

ಊರಿಂದ ಅಪ್ಪ-ಅಮ್ಮ ಇಲ್ಲಿಗೆ ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ, ಬಂದರೆ ನಾಲ್ಕಾರು ತಿಂಗಳು ಇರುತ್ತಾರೆ. ಹರಿಕೇನ್, ಅಂದರೆ ಚಂಡಮಾರುತದ ಕಾಲವೂ ಜೂನ್ 1ರಿಂದ ನವೆಂಬರ್ 30ರವರೆಗೆ. ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ ಇದ್ದರೆ ಟಿಕೆಟ್ ಮಾಡುವಾಗಲೇ ಇದು ತಲೆಯಲ್ಲಿರಲಿ.

ಗಾಳಿ ಒಂದು ದಿನದಲ್ಲಿ ಹೋಗುತ್ತದೆ. ಕಾಡುವುದು ಕರೆಂಟು. 2024ರ ಜುಲೈನಲ್ಲಿ ಬಂದ ಬೆರಿಲ್ ಹರಿಕೇನ್ ಬರೀ ಕೆಟಗರಿ 1, ಅಂದರೆ ಎಲ್ಲಕ್ಕಿಂತ ಕೆಳಗಿನ ದರ್ಜೆಯದು. ಆದರೂ 20 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳು ಕತ್ತಲಾದವು, ಕೆಲವು ಕಡೆ ವಾರ ದಾಟಿತು. ಲೋಡ್ ಶೆಡ್ಡಿಂಗ್ ನೋಡಿ ಬೆಳೆದವರು ನಾವು ಅನ್ನುವ ಧೈರ್ಯ ಇಲ್ಲಿ ಬೇಡ. ಎಸಿ ನಂಬಿಕೊಂಡು ಕಟ್ಟಿದ ಮನೆಗಳಿವು.

ಫ್ರಿಜ್ ನಿಂತಿತು ಅಂತ ಇನ್ಸುಲಿನ್ ಎಸೆಯಬೇಡಿ. ಸುಮಾರು 15ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸಾಮಾನ್ಯವಾಗಿ 28 ದಿನ ಬಳಸಬಹುದು. ತೊಂದರೆ ಏನೆಂದರೆ, ಜುಲೈನಲ್ಲಿ ಎಸಿ ಇಲ್ಲದ ಮನೆ ಆ 30ನ್ನು ಸುಲಭವಾಗಿ ದಾಟುತ್ತದೆ. ಕೂಲರ್ ಪೆಟ್ಟಿಗೆ, ಐಸ್ ಪ್ಯಾಕ್ ಇಟ್ಟುಕೊಳ್ಳಿ. ಐಸಿಗೂ ಇನ್ಸುಲಿನ್‌ಗೂ ಮಧ್ಯೆ ಟವೆಲ್ ಇರಲೇಬೇಕು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಮಡಕೆಯ ಉಪಾಯ ಬಳ್ಳಾರಿಯ ಒಣ ಬಿಸಿಲಿಗೆ ಸರಿ. ಇಲ್ಲಿನ ಗಾಳಿ ಮಂಗಳೂರಿನದ್ದು, ನೀರು ಬೇಗ ಆರುವುದಿಲ್ಲ.

ಮಾತ್ರೆಗಳು ಇರಬೇಕಾದ್ದಕ್ಕಿಂತ ಎರಡು ವಾರದಷ್ಟು ಜಾಸ್ತಿ ಇರಲಿ, ವಿಮಾನ ರದ್ದಾದರೆ ಬೇಕಾಗುತ್ತವೆ. ಊರಿನ ಡಾಕ್ಟರ ಚೀಟಿ ತೋರಿಸಿದರೆ ಇಲ್ಲಿನ ಫಾರ್ಮಸಿಯಲ್ಲಿ ಔಷಧ ಕೊಡುವುದಿಲ್ಲ, ಇಲ್ಲಿನ ಡಾಕ್ಟರೇ ಬರೆಯಬೇಕು. ಅವರಿಗೆ ನಮ್ಮ ಬ್ರ್ಯಾಂಡ್ ಹೆಸರು ಗೊತ್ತಿರುವುದಿಲ್ಲ. ಗ್ಲೈಕೊಮೆಟ್ ಅಂದರೆ ಮೆಟ್‌ಫಾರ್ಮಿನ್, ಟೆಲ್ಮಾ ಅಂದರೆ ಟೆಲ್ಮಿಸಾರ್ಟನ್, ಥೈರೊನಾರ್ಮ್ ಅಂದರೆ ಲೆವೊಥೈರಾಕ್ಸಿನ್. ಹೀಗೆ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಅಥವಾ ಮೈಕ್ರೋಗ್ರಾಂ, ಯಾವ ಹೊತ್ತು ಎಂದು ಇಂಗ್ಲಿಷಿನಲ್ಲಿ ಬರೆದು ಕಾಗದದ ಮೇಲೇ ಇಡಿ. ಫೋನ್ ಚಾರ್ಜ್ ನಂಬಬೇಡಿ.

ಇನ್ನು ಇಲ್ಲೇ ನೆಲೆಸಿರುವವರ ಮಾತು. ಆಕ್ಸಿಜನ್ ಯಂತ್ರ, ಡಯಾಲಿಸಿಸ್ ಇದ್ದರೆ 211 ಸಹಾಯವಾಣಿಗೆ ಫೋನ್ ಮಾಡಿ ಟೆಕ್ಸಾಸ್ ರಾಜ್ಯದ ಸ್ಟಿಯರ್ (STEAR) ಪಟ್ಟಿಗೆ, ಅಂದರೆ ತುರ್ತು ಹೊತ್ತಿನಲ್ಲಿ ನೆರವು ಬೇಕಾದವರ ಪಟ್ಟಿಗೆ, ಹೆಸರು ಸೇರಿಸಿ. ಪ್ರತಿ ವರ್ಷ ಮತ್ತೆ ಸೇರಿಸಬೇಕು. ಈ ಮನೆಯ ರೋಗಿಗೆ ಕರೆಂಟ್ ಅತ್ಯಗತ್ಯ ಎಂದು ಕರೆಂಟ್ ಕಂಪನಿಗೆ ಡಾಕ್ಟರ ಸಹಿ ಇರುವ ಅರ್ಜಿಯನ್ನೂ ಕೊಡಬಹುದು. ಆದರೆ ಹೆಸರಿದೆ ಅಂತ ಆಂಬುಲೆನ್ಸ್ ಬಂದೇ ಬರುತ್ತದೆ, ಕರೆಂಟ್ ಹೋಗುವುದೇ ಇಲ್ಲ ಅಂದುಕೊಳ್ಳಬೇಡಿ. ಬ್ಯಾಟರಿಯೋ, ಕರೆಂಟ್ ಇರುವ ಸ್ನೇಹಿತರ ಮನೆಯೋ ನಿಮ್ಮ ಕೈಯಲ್ಲಿರಬೇಕು. ಡಯಾಲಿಸಿಸ್ ತಪ್ಪಿದ ದಿನಗಳಿಗೆ ಬೇರೆಯೇ ಪಥ್ಯವಿದೆ, ಸೆಂಟರಿನಲ್ಲಿ ಮೊದಲೇ ಕೇಳಿ ಬರೆಸಿಕೊಳ್ಳಿ. ಸೆಖೆ ಅಂತ ಎಳನೀರು, ಬಾಳೆಹಣ್ಣು ಕೊಟ್ಟೀರಿ ಜೋಕೆ! ಅದರ ಪೊಟ್ಯಾಸಿಯಂ ಅವರ ಹೃದಯಕ್ಕೇ ಅಪಾಯ.

ಜನರೇಟರ್ ತಂದರೆ ಮನೆಯಿಂದ 20 ಅಡಿ ದೂರ ಹೊರಗೇ ಇಡಿ. ಗರಾಜಿನ ಬಾಗಿಲು ತೆರೆದಿದ್ದರೂ ಒಳಗೆ ಬೇಡ, ಅದರ ಹೊಗೆ ಕೊಲ್ಲುತ್ತದೆ.

ಹಗಲು ನೀವು ಆಫೀಸಿನಲ್ಲಿ, ಮನೆಯಲ್ಲಿ ಅವರಿಬ್ಬರೇ ಅಲ್ವಾ? ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ ಮನೆಯ ವಿಳಾಸ ಹೇಳುವುದನ್ನು ಅಮ್ಮನಿಗೆ ಬಂದ ವಾರವೇ ಬಾಯಿಪಾಠ ಮಾಡಿಸಿ. ಪಕ್ಕದ ಮನೆಯವರನ್ನೂ ಪರಿಚಯ ಮಾಡಿಸಿಬಿಡಿ.