ಇಳಿಜಾರಿನ ರೂಪದಿಂದ ಆದರ್ಶ ರೂಪಕ್ಕೆ: ಥರ್ಮಾಮೀಟರ್ ಹಿಡಿದು ಕಲಿಯೋಣ

ಮನೆಯಲ್ಲಿ ಜ್ವರ ನೋಡುವಾಗ 98.6 ಇದ್ದರೆ ಸರಿಯಾಗಿದೆ ಅನ್ನುತ್ತೇವೆ. ಅದು ಫ್ಯಾರನ್‌ಹೀಟ್ ಲೆಕ್ಕ. ಅದೇ ಬಿಸಿ ಸೆಲ್ಸಿಯಸ್‌ನಲ್ಲಿ 37. ಎರಡನ್ನೂ ಜೋಡಿಸುವ ಸಮೀಕರಣ ಇದು:

ಫ = (9/5)ಸ + 32

ಪುಸ್ತಕದಲ್ಲಿ ವೈ = ಎಂಎಕ್ಸ್ + ಸಿ ಎಂದು ಬರುತ್ತದಲ್ಲ, ಅದೇ ಇಳಿಜಾರಿನ ರೂಪ. ಗ್ರಾಫ್ ಎಳೆಯಲು ಇದು ಅನುಕೂಲ. ರೇಖೆ ಫ-ಅಕ್ಷವನ್ನು ಮುಟ್ಟುವುದು 32ರಲ್ಲಿ. ಸೆಲ್ಸಿಯಸ್ 5 ಡಿಗ್ರಿ ಏರಿದಾಗ ಫ್ಯಾರನ್‌ಹೀಟ್ 9 ಡಿಗ್ರಿ ಏರುತ್ತದೆ. ಇಳಿಜಾರು 9/5 ಅಂದರೆ ಇಷ್ಟೇ.

ಆದರೆ ಎರಡು ಸಮೀಕರಣಗಳ ಸಹಗುಣಕಗಳನ್ನು (ಎಕ್ಸ್, ವೈಗಳ ಮುಂದಿರುವ ಸಂಖ್ಯೆಗಳನ್ನು) ಹೋಲಿಸಬೇಕಾದಾಗ ಎಎಕ್ಸ್ + ಬಿವೈ + ಸಿ = 0 ಎಂಬ ಆದರ್ಶ ರೂಪ ಬೇಕು. ಪದಗಳೆಲ್ಲ ಒಂದು ಕಡೆ, ಸೊನ್ನೆ ಇನ್ನೊಂದು ಕಡೆ.

ಮೊದಲು ಭಿನ್ನರಾಶಿಯನ್ನು ತೆಗೆಯಿರಿ. ಛೇದ 5 ಇದೆ, ಹಾಗಾಗಿ ಎರಡೂ ಕಡೆ 5ರಿಂದ ಗುಣಿಸಿ.

5ಫ = 9ಸ + 160

ಇಲ್ಲಿ ಸ್ವಲ್ಪ ನಿಲ್ಲಿ. ತುಂಬಾ ಮಕ್ಕಳು 5ಫ = 9ಸ + 32 ಎಂದು ಬರೆದುಬಿಡುತ್ತಾರೆ. ಭಿನ್ನರಾಶಿ ಹೋಯಿತು ಎಂಬ ಖುಷಿಯಲ್ಲಿ 32 ಮರೆತೇ ಹೋಗುತ್ತದೆ. ಗುಣಿಸುವುದು ಅಂದರೆ ಪ್ರತಿ ಪದವನ್ನೂ ಗುಣಿಸುವುದು. ಪಾಠ ಹೇಳುವವರು ಈ ಒಂದು ಹೆಜ್ಜೆಗೆ ಜಾಸ್ತಿ ಹೊತ್ತು ಕೊಟ್ಟರೂ ನಷ್ಟವಿಲ್ಲ.

ಮುಂದಿನದು ಸುಲಭ. 5ಫ ಅನ್ನು ಬಲಕ್ಕೆ ತನ್ನಿ, ಚಿಹ್ನೆ ಬದಲಾಗುತ್ತದೆ:

9ಸ − 5ಫ + 160 = 0

ಬೇರೆಯವರ ಉತ್ತರ −9ಸ + 5ಫ − 160 = 0 ಎಂದು ಬಂದರೆ ಅದೂ ಸರಿಯೇ. ರೇಖೆ ಒಂದೇ. ಮೊದಲ ಪದ ಧನವಾಗಿದ್ದರೆ ನೋಡಲು ಚೆಂದ, ಅಷ್ಟೇ.

ಈಗ ತಾಳೆ ನೋಡಿ. ಸ = 37, ಫ = 98.6 ಹಾಕಿದರೆ 333 − 493 + 160. ಸೊನ್ನೆ ಬಂತು ಅಲ್ವಾ? 160ರ ಜಾಗದಲ್ಲಿ 32 ಇದ್ದಿದ್ದರೆ ತಪ್ಪು ಇಲ್ಲೇ ಸಿಕ್ಕಿಬೀಳುತ್ತಿತ್ತು.

ಎರಡು ಭಿನ್ನರಾಶಿಗಳಿದ್ದರೆ ಛೇದಗಳ ಲಸಾಅದಿಂದ (ಲಘುತಮ ಸಾಮಾನ್ಯ ಅಪವರ್ತ್ಯದಿಂದ) ಗುಣಿಸಿ. ವೈ = −(2/3)ಎಕ್ಸ್ + 1/2 ಇದ್ದರೆ 6ರಿಂದ. 6ವೈ = −4ಎಕ್ಸ್ + 3 ಆಗುತ್ತದೆ, ಅಲ್ಲಿಂದ 4ಎಕ್ಸ್ + 6ವೈ − 3 = 0.

ಯೂಟ್ಯೂಬ್‌ನಲ್ಲಿ ಅಮೆರಿಕದ ಪಾಠ ನೋಡುವವರಿಗೆ ಒಂದು ಮಾತು. ಅಲ್ಲಿ ಸ್ಥಿರಾಂಕವನ್ನು ಸಾಮಾನ್ಯವಾಗಿ ಬಲಕ್ಕೆ ಇಡುತ್ತಾರೆ: 9ಸ − 5ಫ = −160. ಅದೂ ಸರಿ. ಆದರೆ ಒಂದು ಸಮೀಕರಣ ಆ ರೀತಿ, ಇನ್ನೊಂದು ನಮ್ಮ ರೀತಿ ಇಟ್ಟು ಹೋಲಿಸಬೇಡಿ. ಚಿಹ್ನೆ ಕೈಕೊಡುತ್ತದೆ.

ಎರಡೂ ಅಳತೆಯಲ್ಲಿ ಒಂದೇ ಸಂಖ್ಯೆ ತೋರಿಸುವ ಬಿಸಿ ಯಾವುದಾದರೂ ಇದೆಯೇ? ಆದರ್ಶ ರೂಪದಲ್ಲಿ ಫ ಇರುವಲ್ಲೂ ಸ ಹಾಕಿ. 4ಸ + 160 = 0. ಮೈನಸ್ 40 ಡಿಗ್ರಿ ಚಳಿಯಲ್ಲಿ ಎರಡೂ ಥರ್ಮಾಮೀಟರ್ ಒಂದೇ ಸಂಖ್ಯೆ ಹೇಳುತ್ತವೆ.