ಪುಣೆ ಬಳಿ ಕ್ಯಾರವಾನ್ ಪಾರ್ಕ್: ಮೊದಲು ಸಾತ್‌ಬಾರಾ ಓದಿ

ಮಾವಳ, ಮುಳಶಿ ಕಡೆ ಎಕರೆ-ಎರಡೆಕರೆಯಲ್ಲಿ ಕ್ಯಾರವಾನ್ ಪಾರ್ಕ್, ಅಂದರೆ ಮಲಗುವ ಸೌಕರ್ಯವಿರುವ ಪ್ರವಾಸಿ ಬಂಡಿಗಳ ತಂಗುದಾಣ, ಮಾಡಬೇಕೆಂದಿರುವ ಪುಣೆ ಕನ್ನಡಿಗರೇ, ಒಂದು ಮಾತು ನೆನಪಿಡಿ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿದೆ. ಆದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿಯಿಂದ ಜಮೀನಿನ ತೊಡಕು ಬಗೆಹರಿಯುವುದಿಲ್ಲ. ಅದನ್ನು ಮೊದಲು ಬಿಡಿಸಿಕೊಂಡು, ನೋಂದಣಿಯನ್ನು ಕೊನೆಗಿಟ್ಟುಕೊಳ್ಳಿ.

ಊರಲ್ಲಿ ಪಹಣಿ ಎನ್ನುವುದೇ ಇಲ್ಲಿಯ ಸಾತ್‌ಬಾರಾ. ರಾಜ್ಯದ ಭೂದಾಖಲೆ ಜಾಲತಾಣ ಮಹಾಭೂಮಿಯಿಂದ ಡಿಜಿಟಲ್ ಸಹಿಯ ಪ್ರತಿ ತೆಗೆಯಿರಿ. ‘ಭೋಗವಟಾದಾರ್ ವರ್ಗ 2’, ಅಂದರೆ ಸರ್ಕಾರದ ಷರತ್ತಿಗೊಳಪಟ್ಟ ಹಿಡುವಳಿ, ಎಂದಿದ್ದರೆ ಜಿಲ್ಲಾಧಿಕಾರಿಯ ಒಪ್ಪಿಗೆಯಿಲ್ಲದೆ ಪರಭಾರೆ ಆಗದು. ‘ಇತರ ಹಕ್ಕು’ ಅಂಕಣದಲ್ಲಿ ಸಾಲದ ಬೋಜಾ ಇದೆಯೇ ನೋಡಿ. ಹಳೆಯ ಫೇರ್‌ಫಾರ್‌ಗಳನ್ನು, ಅಂದರೆ ನಮ್ಮ ಮ್ಯುಟೇಶನ್‌ಗಳನ್ನು, ಒಂದೊಂದಾಗಿ ಓದಿಸಿ. 1975ರ ಖಾಸಗಿ ಅರಣ್ಯ ಸ್ವಾಧೀನ ಕಾಯ್ದೆಯ ನಮೂದು ಎಲ್ಲೋ ಮೂಲೆಯಲ್ಲಿ ಅಡಗಿರಬಹುದು. ಅದು ಕಂಡರೆ ಆ ಜಾಗದ ಆಸೆ ಬಿಡುವುದೇ ಒಳ್ಳೆಯದು. ಪವನಾ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಕಾಣಿಸಿಕೊಳ್ಳುವ ಬಯಲೂ ಹಾಗೆಯೇ, ಅಣೆಕಟ್ಟಿಗೆಂದು ಸ್ವಾಧೀನವಾದ ನೆಲ.

‘ಕೊಳ್ಳುವುದಿಲ್ಲ, ಬಾಡಿಗೆಗೆ ಹಿಡಿಯುತ್ತೇವೆ’ ಎಂದರೂ ಸಾಲದು. 1948ರ ಗೇಣಿ ಕಾಯ್ದೆಯ 63ನೇ ಕಲಮಿನ ನಿರ್ಬಂಧ ರೈತನಲ್ಲದವನಿಗೆ ಕೃಷಿ ಜಮೀನು ಮಾರುವುದಕ್ಕಷ್ಟೇ ಅಲ್ಲ, ಗುತ್ತಿಗೆ ಕೊಡುವುದಕ್ಕೂ ಅನ್ವಯಿಸುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಸ್ಟ್ಯಾಂಪ್ ಪೇಪರಿನ ಹನ್ನೊಂದು ತಿಂಗಳ ಕರಾರು ನಂಬಿ ಕಾಂಕ್ರೀಟ್ ಹಾಕಬೇಡಿ.

ಮುಂದಿನದು ಝೋನ್ ದಾಖಲೆ, ಅಂದರೆ ಜಾಗವನ್ನು ಯಾವ ಬಳಕೆಗೆ ಗುರುತಿಸಿದೆ ಎಂಬುದರ ಪತ್ರ. ಪುಣೆ ಮಹಾನಗರ ಪ್ರದೇಶದಲ್ಲಿ ಅಲ್ಲಿಯ ಅಭಿವೃದ್ಧಿ ಪ್ರಾಧಿಕಾರ ಪಿಎಂಆರ್‌ಡಿಎ, ಅದರಾಚೆ ನಗರ ರಚನಾ ಇಲಾಖೆ ಕೊಡುತ್ತದೆ. ಎನ್‌ಎ, ಅಂದರೆ ಭೂಪರಿವರ್ತನೆ, ಬೇಕೋ ಬೇಡವೋ ಎಂಬುದು ಆ ಝೋನಿನಲ್ಲಿ ನಿಮ್ಮ ಬಳಕೆಗೆ ಅವಕಾಶವಿದೆಯೇ ಎಂಬುದರ ಮೇಲೆ ನಿಂತಿದೆ. ಗಾಲಿ ಇರುವ ಬಂಡಿ ಕಟ್ಟಡವಲ್ಲವೆಂಬ ವಾದ ಶೌಚಾಲಯ, ಅಡುಗೆಮನೆ ಕಟ್ಟಿದ ದಿನವೇ ಬಿದ್ದುಹೋಗುತ್ತದೆ. ನದಿ ಪಕ್ಕವಾದರೆ ನೀರು ಎಲ್ಲಿಯವರೆಗೆ ಏರಬಹುದೆಂದು ತೋರಿಸುವ ನೀಲಿ, ಕೆಂಪು ಪ್ರವಾಹ ರೇಖೆಗಳನ್ನು ನಕ್ಷೆಯ ಮೇಲೆ ಗುರುತು ಮಾಡಿಸಿ.

ಇಷ್ಟಾದ ಮೇಲೆ ನೆಲದ ಕೆಲಸ. ಬಂಡಿಗಳ ನಡುವೆ ಆರು ಮೀಟರ್ ಬಿಡಿ. ಬ್ರಿಟನ್ನಿನ ಮಾದರಿ ನಿಯಮದ ಈ ಅಂತರ ಬೆಂಕಿ ಹಾರದಿರಲೆಂದು. ಮಾವಳದ ಮಳೆಗೆ ಬರೀ ಮಣ್ಣು ತಡೆಯದು. ಮುರುಮ, ಅಂದರೆ ಗರಸು ಮಣ್ಣು, ಹಾಕಿ, ರೋಲರ್ ಹೊಡೆದು, ಚರಂಡಿ ತೆಗೆಯಿರಿ. ಪ್ರತಿ ನಿಲ್ದಾಣಕ್ಕೆ 16 ಆಂಪಿಯರ್ ಸಾಕೆಟ್, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಬೇಕು. ಕೃಷಿ ಪಂಪಿನ ಮೀಟರಿನಿಂದ ಕರೆಂಟ್ ಎಳೆದರೆ, 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ದುಪ್ಪಟ್ಟು ದರದಲ್ಲಿ ವಸೂಲಿ.

ಕೊಳಚೆ ನೀರಿನ ಇಂಗುಗುಂಡಿ ಬಾವಿಯಿಂದ 18 ಮೀಟರ್ ದೂರವಿರಲಿ. ಕಪ್ಪು ಮಣ್ಣಿನಲ್ಲಿ ನೀರು ಇಂಗುವುದಿಲ್ಲವಾದ್ದರಿಂದ ಗುಂಡಿ ತೋಡುವ ಮುನ್ನ ಇಂಗುವಿಕೆ ಪರೀಕ್ಷೆ ಮಾಡಿಸಿ. ಕ್ಯಾರವಾನ್ ಶೌಚಾಲಯದ ಫಾರ್ಮಾಲ್ಡಿಹೈಡ್ ರಾಸಾಯನಿಕ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹಾಗಾಗಿ ಆ ತ್ಯಾಜ್ಯಕ್ಕೆ ಬೇರೆ ಮುಚ್ಚಿದ ಟ್ಯಾಂಕ್ ಇಟ್ಟು, ಹೀರುವ ಲಾರಿ ಅದರ ಪಕ್ಕಕ್ಕೇ ಬರುವಂತೆ ದಾರಿ ಬಿಡಿ.